ಒಂದೇ ಸೆಪ್ಟೆಂಬರ್, ಎರಡು ಮನೆ: 1965ರ ಯುದ್ಧ ಮತ್ತು ಕೊಡಗಿನ ಇಬ್ಬರು ಪೈಲಟ್‌ಗಳು

1965ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಕೊಡಗಿನ ಇಬ್ಬರು ಯುದ್ಧವಿಮಾನ ಪೈಲಟ್‌ಗಳು ಪಾಕಿಸ್ತಾನದ ನೆಲದ ಮೇಲೆ ಬಿದ್ದರು. ಒಬ್ಬರು ಸೆಪ್ಟೆಂಬರ್ 7ರ ಬೆಳಿಗ್ಗೆ, ಇನ್ನೊಬ್ಬರು ಸೆಪ್ಟೆಂಬರ್ 22ರಂದು. ಎರಡನೆಯವರ ಸುದ್ದಿ ರೇಡಿಯೊದಲ್ಲೇ ಬಂತು. ಶತ್ರುದೇಶದ ಅಧ್ಯಕ್ಷರೇ ಅವರ ತಂದೆಗೆ ಸಂದೇಶ ಕಳಿಸಿದರು. ಮೊದಲನೆಯವರ ಕೊನೆಯ ನಿಮಿಷಗಳಲ್ಲಿ ಏನಾಯಿತು ಎಂಬುದು ಹೊರಬರಲು 14 ವರ್ಷ ಬೇಕಾಯಿತು. ಅದಕ್ಕೆ ಸರ್ಕಾರದ ಮುದ್ರೆ ಬೀಳುವಷ್ಟರಲ್ಲಿ 23 ವರ್ಷ ಕಳೆದಿತ್ತು.

ಮೊದಲನೆಯವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯ. ಎರಡನೆಯವರು ಕೊಡಂದೇರ ನಂದಾ ಕಾರ್ಯಪ್ಪ, ಜನರಲ್ ಕೆ.ಎಂ. ಕಾರ್ಯಪ್ಪನವರ ಮಗ. ಇಬ್ಬರ ಸಾಹಸದ ಕಥೆಯೂ ಕನ್ನಡದ ಓದುಗರಿಗೆ ಹೊಸದೇನಲ್ಲ. ಇಲ್ಲಿ ನಾವು ನೋಡಹೊರಟಿರುವುದು ಆ ಕಥೆಯ ಇನ್ನೊಂದು ಬದಿಯನ್ನು. ಸುದ್ದಿ ಮನೆಗೆ ಹೇಗೆ ಬಂತು? ಯಾರು ತಂದರು? ಒಂದು ಮನೆಗೆ ಬೇಗ ಬಂದದ್ದು ಇನ್ನೊಂದಕ್ಕೆ ಯಾಕೆ ಅಷ್ಟು ತಡವಾಯಿತು? ಸುದ್ದಿಯ ಕೆಲಸವನ್ನೇ ಕಲಿತು ಬಂದ ನಮಗೆ ಈ ಪ್ರಶ್ನೆಗಳು ಯುದ್ಧದಷ್ಟೇ ದೊಡ್ಡವಾಗಿ ಕಂಡವು.

ಗುಂಡಿನ ಸದ್ದಿನಲ್ಲಿ ಸುದ್ದಿ

ಕೊಡವರಲ್ಲಿ ಸುದ್ದಿಗೆ ಹಳೆಯ ಒಂದು ಭಾಷೆಯಿದೆ. ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಮನೆಯಲ್ಲಿ ಸಾವಾದರೆ ಒಂದರ ಹಿಂದೊಂದು ಎರಡು ಗುಂಡು. ಕಾಫಿ ತೋಟ, ಗದ್ದೆ, ಕಾಡುಗಳ ನಡುವೆ ದೂರ ದೂರ ಇರುವ ಮನೆಗಳಿಗೆ ಇದೇ ತಂತಿ, ಇದೇ ಟಪಾಲು. ಎರಡು ಸದ್ದು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಸದ್ದು ಬಂದ ದಿಕ್ಕಿಗೆ ಹೊರಡುತ್ತಾರೆ. ಬಂದೂಕು ಅಲ್ಲಿ ಆಯುಧ ಮಾತ್ರವಲ್ಲ. ಅದು ಊರಿಗೆ ಊರೇ ನಂಬುವ ವರದಿಗಾರ. ನಾಟಿ ಮುಗಿಸಿ ಬಂದೂಕು, ಒಡಿಕತ್ತಿಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬ ಬರುವುದು ಸೆಪ್ಟೆಂಬರ್ ಆರಂಭದ ಸುಮಾರಿಗೆ. 1965ರಲ್ಲಿ ಯುದ್ಧ ಕಾವೇರಿದ್ದೂ ಅದೇ ದಿನಗಳಲ್ಲಿ.

ಆದರೆ ಈ ಭಾಷೆಯಲ್ಲಿ ಇಲ್ಲದ ಒಂದು ಪದವಿದೆ: ಕಾಣೆಯಾದವನು. ಹುಟ್ಟಿಗೆ ಒಂದು ಗುಂಡು, ಸಾವಿಗೆ ಎರಡು. ಬದುಕಿದ್ದಾನೋ ಇಲ್ಲವೋ ಎಂದು ತಿಳಿಯದವನಿಗೆ ಎಷ್ಟು ಗುಂಡು ಹಾರಿಸಬೇಕು? ಸಂಪ್ರದಾಯದಲ್ಲಿ ಇದಕ್ಕೆ ಉತ್ತರವಿಲ್ಲ. ದೇಹ ಮನೆಗೆ ಬರುತ್ತದೆ, ಬಂಧುಗಳು ಸುತ್ತ ಕೂರುತ್ತಾರೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಪದ್ಧತಿ ಅದು. ಯುದ್ಧವಿಮಾನ ಬಂದಮೇಲೆ ಈ ನಂಬಿಕೆ ಬುಡಮೇಲಾಯಿತು. ಕಾಲಾಳು ಬಿದ್ದರೆ ಪಕ್ಕದವನು ನೋಡಿರುತ್ತಾನೆ. ಒಬ್ಬನೇ ಕೂರುವ ವಿಮಾನದ ಪೈಲಟ್ ಗಡಿಯಾಚೆ ಬಿದ್ದರೆ ನೋಡಿದವರು ಶತ್ರುಗಳು ಮಾತ್ರ.

ವಾಯುಪಡೆಯಷ್ಟೇ ವಯಸ್ಸು

ಭಾರತೀಯ ವಾಯುಪಡೆ ಸ್ಥಾಪನೆಯಾದದ್ದು 1932ರ ಅಕ್ಟೋಬರ್ 8ರಂದು. ದೇವಯ್ಯ ಹುಟ್ಟಿದ್ದು ಅದೇ ವರ್ಷದ ಡಿಸೆಂಬರ್ 24ರಂದು, ಕೊಡಗಿನಲ್ಲಿ. 1954ರಲ್ಲಿ ಪೈಲಟ್ ಆಗಿ ಅಧಿಕಾರಿ ಪದವಿಗೆ ಬಂದರು. ಯುದ್ಧ ಶುರುವಾಗುವ ಹೊತ್ತಿಗೆ ಹತ್ತು ವರ್ಷಕ್ಕೂ ಮೀರಿದ ಹಾರಾಟದ ಅನುಭವ, ಹೊಸಬರಿಗೆ ವಿಮಾನ ಕಲಿಸುವ ತರಬೇತುದಾರನ ಕೆಲಸ, ಪತ್ನಿ ಸುಂದರಿ, ಸಂಸಾರ. ವಯಸ್ಸು 32.

ಸೇನೆಯನ್ನೇ ಬದುಕಾಗಿಸಿಕೊಂಡ ಪೈಲಟ್‌ನ ಸಂಸಾರ ಹೇಗಿರುತ್ತದೆ ಎಂಬುದು ನಮ್ಮ ಊರುಗಳ ಸೈನಿಕ ಕುಟುಂಬಗಳಿಗೆ ಗೊತ್ತು. ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಕಬ್ಬಿಣದ ಪೆಟ್ಟಿಗೆಯಲ್ಲಿ ತುಂಬಿಟ್ಟ ಮನೆ. ಅರ್ಧ ವರ್ಷ ಒಂದು ಶಾಲೆ, ಉಳಿದ ಅರ್ಧ ಇನ್ನೊಂದು. ನೆರೆಮನೆಯವರೇ ನೆಂಟರು, ಏಕೆಂದರೆ ನಿಜವಾದ ನೆಂಟರು ಮೂರು ದಿನದ ರೈಲು ಪ್ರಯಾಣದಾಚೆ ಇದ್ದಾರೆ. ಪೈಲಟ್ ಮನೆಗೆ ಇನ್ನೊಂದು ಕಷ್ಟವಿದೆ. ಶಾಂತಿಕಾಲದಲ್ಲೂ ಗಂಡ ಬೆಳಿಗ್ಗೆ ಕೆಲಸಕ್ಕೆ ಹೋಗುವುದೆಂದರೆ ಹಾರಲು ಹೋಗುವುದು. ಹಾಗಾಗಿ ಆ ಮನೆಯವರು ದಿನಾ ಸಂಜೆಯವರೆಗೆ ಒಂದು ಸಣ್ಣ ಸುದ್ದಿಗಾಗಿ ಕಾದಿರುತ್ತಾರೆ: ಇಳಿದರು, ಬಂದರು. 1965ರಲ್ಲಿ ಈ ಕಾಯುವಿಕೆಯೇ ಹಿಗ್ಗಿ ಹಿಗ್ಗಿ ವರ್ಷಗಳಾಯಿತು.

ಸೆಪ್ಟೆಂಬರ್ 7ರ ಬೆಳಗು

ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಛಂಬ್ ವಲಯಕ್ಕೆ ನುಗ್ಗಿದವು. ಅಂದು ಸಂಜೆಯೇ ಭಾರತೀಯ ವಾಯುಪಡೆ ಕಣಕ್ಕಿಳಿಯಿತು. 6ರಂದು ಭಾರತೀಯ ಸೇನೆ ಲಾಹೋರ್ ಕಡೆಗೆ ಗಡಿ ದಾಟಿತು. ಆ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ವಾಯುನೆಲೆಗೆ ಬಡಿದು, ನೆಲದ ಮೇಲೆ ನಿಂತಿದ್ದ ವಿಮಾನಗಳನ್ನು ಸುಟ್ಟವು. ಮರುದಿನ ಬೆಳಿಗ್ಗೆ ಉತ್ತರ ಕೊಡಲೇಬೇಕಿತ್ತು. ಗುರಿ ಸರ್ಗೋಧಾ, ಪಾಕಿಸ್ತಾನ ವಾಯುಪಡೆಯ ಅತ್ಯಂತ ಬಲವಾದ ನೆಲೆ.

ಜಲಂಧರ್ ಹತ್ತಿರದ ಆದಂಪುರದಿಂದ ಹೊರಟದ್ದು ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು. ಮುಂದಾಳು ವಿಂಗ್ ಕಮಾಂಡರ್ ಒ.ಪಿ. ತನೇಜಾ. ಯೋಜನೆಯಲ್ಲಿದ್ದದ್ದು 12 ವಿಮಾನ. ದೇವಯ್ಯನವರನ್ನು ಕಾಯ್ದಿರಿಸಿದ ಪೈಲಟ್ ಆಗಿ ಇಟ್ಟಿದ್ದರು. ಯಾವುದಾದರೂ ವಿಮಾನ ಕೈಕೊಟ್ಟರೆ ಆ ಜಾಗ ತುಂಬುವುದು ಅವರ ಕೆಲಸ. ಹಾಗೆಯೇ ಆಯಿತು. ದೇವಯ್ಯ ಹಾರಿದರು.

ಆದಂಪುರದಿಂದ ಸರ್ಗೋಧಾಕ್ಕೆ ನೇರ ಗೆರೆ ಎಳೆದರೆ ಸುಮಾರು 300 ಕಿಲೋಮೀಟರ್. ಫ್ರಾನ್ಸಿನಲ್ಲಿ ತಯಾರಾದ ಮಿಸ್ಟೇರ್‌ಗೆ ಅದು ಹೆಚ್ಚೂಕಡಿಮೆ ಕೊನೆಯ ಗಡಿ. ರೇಡಾರ್‌ಗೆ ಕಾಣದಂತೆ ನೆಲಕ್ಕೆ ಹತ್ತಿರವಾಗಿ ಹಾರಿದರೆ ಇಂಧನ ಇನ್ನೂ ಬೇಗ ಮುಗಿಯುತ್ತದೆ. ಹೋಗಿ, ಹೊಡೆದು, ಹಿಂದಿರುಗಲು ಲೆಕ್ಕ ಹಾಕಿದಷ್ಟೇ ಇಂಧನ. ದಾರಿಯಲ್ಲಿ ನಿಂತು ಕಾದಾಡುವ ಪೈಲಟ್ ಮನೆ ತಲುಪುವುದು ಕಷ್ಟ. ಹೊರಟವರಿಗೆಲ್ಲ ಇದು ಗೊತ್ತಿತ್ತು.

ದಾಳಿ ಮುಗಿಸಿ ವಿಮಾನಗಳು ಹಿಂದಿರುಗಿದವು. ಒಂದು ಬರಲಿಲ್ಲ. ಅದರ ಪೈಲಟ್ ದೇವಯ್ಯ. ಎಲ್ಲಿ ಬಿದ್ದರು, ಹೇಗೆ ಬಿದ್ದರು ಎಂದು ಜೊತೆಗೆ ಹೋದವರಲ್ಲಿ ಯಾರೂ ನೋಡಿರಲಿಲ್ಲ. ಅವರು ತಂಡಕ್ಕಿಂತ ಹಿಂದೆ, ಒಬ್ಬರೇ ಇದ್ದರು. ದಾಖಲೆಯಲ್ಲಿ ಸೇರಿದ್ದು ಒಂದೇ ಮಾತು: ಕಾಣೆಯಾಗಿದ್ದಾರೆ.

ಎರಡು ದೇಶಗಳಲ್ಲಿ ಅರ್ಧರ್ಧ ಕಥೆ

ಆ ಬೆಳಿಗ್ಗೆ ಪಾಕಿಸ್ತಾನದ ಕಡೆಯಲ್ಲೂ ಒಂದು ವಿಮಾನ ಹಿಂದಿರುಗಲಿಲ್ಲ. ಅದು ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ, ಸೈಡ್‌ವೈಂಡರ್ ಕ್ಷಿಪಣಿ ಹೊತ್ತ ಅಮೆರಿಕದ ವಿಮಾನ. ಅಂದಿನ ಉಪಖಂಡದಲ್ಲಿ ಅದರ ಹೆಸರು ಕೇಳಿದರೆ ಪೈಲಟ್‌ಗಳು ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಅದರ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಪ್ಯಾರಾಶೂಟ್‌ನಿಂದ ಇಳಿದು ಬದುಕಿಕೊಂಡರು.

ಅಮ್ಜದ್ ಹುಸೇನ್ ಬೆನ್ನಟ್ಟಿದ್ದು ಒಂಟಿಯಾಗಿ ಹಿಂದಿರುಗುತ್ತಿದ್ದ ಒಂದು ಮಿಸ್ಟೇರನ್ನು. ಮೊದಲು ಬಿಟ್ಟ ಕ್ಷಿಪಣಿ ಗುರಿ ತಪ್ಪಿತು. ಆಮೇಲೆ ಫಿರಂಗಿಯಿಂದ ಹೊಡೆದರು, ಗುಂಡು ತಾಗಿತು. ಕೆಲಸ ಮುಗಿಯಿತೆಂದುಕೊಂಡು ಬೇರೆ ವಿಮಾನಗಳತ್ತ ತಿರುಗಿದರು. ಆದರೆ ಪೆಟ್ಟು ತಿಂದ ಮಿಸ್ಟೇರ್ ಬಿದ್ದಿರಲಿಲ್ಲ. ಅದು ತಿರುಗಿ ಬಂದು ಎದುರು ನಿಂತಿತು. ಸ್ಟಾರ್‌ಫೈಟರ್‌ನ ಬಲ ನೇರ ಓಟದ ವೇಗದಲ್ಲಿ. ನೆಲಕ್ಕೆ ಹತ್ತಿರ, ಸುತ್ತು ಹಾಕುವ ಕಾಳಗದಲ್ಲಿ ನಿಧಾನದ ಮಿಸ್ಟೇರೇ ಚುರುಕು. ಅದರ ಗುಂಡುಗಳು ಸ್ಟಾರ್‌ಫೈಟರ್‌ಗೆ ತಾಗಿದವು. ಅಮ್ಜದ್ ಹುಸೇನ್ ಹಾರಿಕೊಳ್ಳಬೇಕಾಯಿತು. ಮಿಸ್ಟೇರ್ ಕೂಡ ಉರುಳಿತು. ಅದರೊಳಗಿದ್ದವರು ಬದುಕಲಿಲ್ಲ.

ಈಗ ನೋಡಿ. ತಮ್ಮ ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ಜೊತೆಗಿನ ಕಾಳಗದಲ್ಲಿ ಹೋಯಿತು ಎಂಬುದು ಪಾಕಿಸ್ತಾನಕ್ಕೆ ಗೊತ್ತು, ಆ ಮಿಸ್ಟೇರ್‌ನಲ್ಲಿದ್ದವರ ಹೆಸರು ಗೊತ್ತಿಲ್ಲ. ದೇವಯ್ಯ ಬರಲಿಲ್ಲ ಎಂಬುದು ಭಾರತಕ್ಕೆ ಗೊತ್ತು, ಕಾಳಗ ನಡೆದದ್ದು ಗೊತ್ತಿಲ್ಲ. ಹೆಸರು ಒಂದು ದೇಶದಲ್ಲಿ, ಘಟನೆ ಇನ್ನೊಂದು ದೇಶದಲ್ಲಿ. ಯುದ್ಧದಲ್ಲಿ ಸೆರೆಸಿಕ್ಕವರ ಹೆಸರು ತಿಳಿಸಬೇಕು, ಸತ್ತವರ ಗುರುತು ದಾಖಲಿಸಿ ಎದುರು ಪಕ್ಷಕ್ಕೆ ಕಳಿಸಬೇಕು ಎಂದು 1949ರ ಜಿನೀವಾ ಒಪ್ಪಂದಗಳು ಹೇಳುತ್ತವೆ. ಕಾಗದದ ಮೇಲೆ ನಿಯಮ ಇತ್ತು. ಅಜ್ಜಮಾಡ ಮನೆತನಕ್ಕೆ ಅದರಿಂದ ಆದ ಉಪಯೋಗ ಏನೂ ಇಲ್ಲ.

ಎರಡು ಅರ್ಧಗಳು ಹತ್ತಿರ ಬಂದದ್ದು 1979ರಲ್ಲಿ. ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು 1965ರ ವಾಯುಯುದ್ಧದ ಬಗ್ಗೆ ಪಾಕಿಸ್ತಾನ ವಾಯುಪಡೆಯ ನೆರವಿನಿಂದ ಪುಸ್ತಕ ಬರೆದರು. ಆ ಪುಸ್ತಕ ಪಾಕಿಸ್ತಾನದ ಪರವಾಗಿಯೇ ವಾಲಿತ್ತು. ಅದರಲ್ಲೇ ಸರ್ಗೋಧಾದ ಆ ಬೆಳಗಿನ ಕಾಳಗವೂ ಇತ್ತು, ಪೆಟ್ಟು ತಿಂದರೂ ತಿರುಗಿ ಬಿದ್ದ ಮಿಸ್ಟೇರ್ ಕೂಡ ಇತ್ತು. ಭಾರತದಲ್ಲಿ ಅದನ್ನು ಓದಿದ ವಾಯುಪಡೆಯವರಿಗೆ ಲೆಕ್ಕ ಹಾಕುವುದು ಕಷ್ಟವಾಗಲಿಲ್ಲ. ಆ ದಾಳಿಯಿಂದ ಹಿಂದಿರುಗದ ಒಂಟಿ ಮಿಸ್ಟೇರ್ ದೇವಯ್ಯನವರದು. ಅಂದು ದಾಳಿಯ ಮುಂದಾಳಾಗಿದ್ದ ತನೇಜಾ ಅವರೂ ಈ ವಿಷಯವನ್ನು ಬಿಡದೆ ಹಿಡಿದರು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಪದಕ ಸ್ವೀಕರಿಸಿದವರು ಪತ್ನಿ ಸುಂದರಿ ದೇವಯ್ಯ.

ಇಷ್ಟು ತಡವಾದದ್ದಕ್ಕೆ ಯಾರೋ ಒಬ್ಬರ ಕೆಟ್ಟತನ ಕಾರಣವಲ್ಲ. ಶೌರ್ಯ ಪದಕಕ್ಕೆ ಸಾಕ್ಷಿ ಬೇಕು. ಕಣ್ಣಾರೆ ಕಂಡವರು, ವಿಮಾನದ ಕ್ಯಾಮೆರಾದ ಚಿತ್ರ, ಜೊತೆಗಾರರ ವರದಿ, ಏನಾದರೂ ಸರಿ. ದೇವಯ್ಯನವರ ವಿಷಯದಲ್ಲಿ ಅದಾವುದೂ ಗಡಿಯ ಈಚೆ ಇರಲಿಲ್ಲ. ಅವರ ಪರವಾಗಿ ಹೇಳಬಲ್ಲ ಏಕೈಕ ಸಾಕ್ಷಿ ಅವರನ್ನು ಹೊಡೆದ ಮನುಷ್ಯ. ಶತ್ರುವಿನ ಹೇಳಿಕೆಯ ಮೇಲೆ ಒಂದು ದೇಶ ತನ್ನ ಎರಡನೇ ಅತಿದೊಡ್ಡ ಯುದ್ಧಕಾಲದ ಪದಕ ಕೊಟ್ಟ ಈ ಪ್ರಸಂಗ ಅಪರೂಪದ್ದು. ಅಮ್ಜದ್ ಹುಸೇನರ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. 1971ರ ಯುದ್ಧದಲ್ಲಿ ಅಮೃತಸರದ ಮೇಲೆ ಅವರ ಸ್ಟಾರ್‌ಫೈಟರ್ ಮತ್ತೆ ಪೆಟ್ಟು ತಿಂದು, ಅವರು ಭಾರತದಲ್ಲಿ ಸೆರೆಯಾದರು. ಅವರ ಮನೆಯವರೂ ಗಡಿಯಾಚೆ ಕಾದರು.

ಮಡಿಕೇರಿಯ ಇನ್ನೊಂದು ಮನೆ

ದೇವಯ್ಯ ಕಾಣೆಯಾಗಿ ಹದಿನೈದು ದಿನಕ್ಕೆ, ಕದನವಿರಾಮ ಜಾರಿಯಾಗಲು ಒಂದು ದಿನವೂ ಉಳಿಯದ ಹೊತ್ತಿಗೆ, ನಂದಾ ಕಾರ್ಯಪ್ಪ ತಮ್ಮ ಹಂಟರ್ ವಿಮಾನದಲ್ಲಿ ಗಡಿಯಾಚೆ ದಾಳಿಗೆ ಹೋಗಿದ್ದರು. ನೆಲದಿಂದ ಹಾರಿಸಿದ ಗುಂಡು ವಿಮಾನಕ್ಕೆ ತಾಗಿತು. ಹಾರಿಕೊಂಡರು, ಬೆನ್ನುಮೂಳೆಗೆ ಪೆಟ್ಟಾಯಿತು, ಸೆರೆಸಿಕ್ಕರು. ಆಗ ಅವರಿಗೆ 27 ವರ್ಷ.

ಸೆರೆಯಾಳು ತನ್ನ ಹೆಸರು, ಪದವಿ, ಹುಟ್ಟಿದ ದಿನಾಂಕ, ಸೇವಾ ಸಂಖ್ಯೆ ಮಾತ್ರ ಹೇಳಿದರೆ ಸಾಕು ಎಂಬುದು ನಿಯಮ. ಇಲ್ಲಿ ಹೆಸರೇ ಎಲ್ಲವನ್ನೂ ಹೇಳಿತು. ತಂದೆ 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು. ಆಗ ನಿವೃತ್ತರಾಗಿ ಮಡಿಕೇರಿಯ ‘ರೋಶನಾರಾ’ ಮನೆಯಲ್ಲಿದ್ದರು. ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್, ದೇಶ ವಿಭಜನೆಗೆ ಮುಂಚೆ ವಾಯವ್ಯ ಗಡಿಯಲ್ಲಿ ಇದೇ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ರೇಡಿಯೊ ಪಾಕಿಸ್ತಾನ ಸುದ್ದಿ ಬಿತ್ತರಿಸಿತು. ಮಗ ಕ್ಷೇಮ ಎಂಬ ಸಂದೇಶ ದೆಹಲಿಯಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ಮೂಲಕ ಬಂತು. ಬೇಕಿದ್ದರೆ ಬಿಟ್ಟುಕೊಡುವ ಮಾತೂ ಅದರ ಜೊತೆಗಿತ್ತು ಎಂದು ಹೇಳುತ್ತಾರೆ.

ಕಾರ್ಯಪ್ಪನವರ ಉತ್ತರ ಕೊಡಗಿನಲ್ಲಿ ಇಂದಿಗೂ ಮನೆಮಾತು. ಸೆರೆಯಲ್ಲಿರುವ ಎಲ್ಲ ಭಾರತೀಯ ಸೈನಿಕರೂ ತನಗೆ ಮಕ್ಕಳೇ, ನೋಡಿಕೊಳ್ಳುವುದಿದ್ದರೆ ಎಲ್ಲರನ್ನೂ ಒಂದೇ ತರಹ ನೋಡಿಕೊಳ್ಳಲಿ, ತನ್ನ ಮಗನಿಗೆ ಬೇರೆ ಮರ್ಯಾದೆ ಬೇಡ ಎಂಬುದು ಅದರ ತಾತ್ಪರ್ಯ. ಆದರೂ ಅಯೂಬ್ ಖಾನರ ಪತ್ನಿ ಮತ್ತು ಹಿರಿಯ ಮಗ ಬಂದು ನಂದಾ ಅವರನ್ನು ನೋಡಿ ಹೋದರು. ಸಿಗರೇಟು ಮತ್ತು ಒಂದು ವುಡ್‌ಹೌಸ್ ಕಾದಂಬರಿ ತಂದಿದ್ದರು. 1966ರ ಜನವರಿ 10ರಂದು ತಾಷ್ಕೆಂಟ್ ಒಪ್ಪಂದವಾಯಿತು. ಅದೇ ತಿಂಗಳು ನಂದಾ ಬಿಡುಗಡೆಯಾಗಿ ಬಂದರು. ಆಮೇಲೂ ವಾಯುಪಡೆಯಲ್ಲೇ ಮುಂದುವರಿದು ಏರ್ ಮಾರ್ಷಲ್ ಆಗಿ ನಿವೃತ್ತರಾದರು, ತಂದೆಯ ಜೀವನಚರಿತ್ರೆಯನ್ನೂ ಬರೆದರು.

ಈ ಪ್ರಸಂಗವನ್ನು ಸಾಮಾನ್ಯವಾಗಿ ತಂದೆಯ ದೊಡ್ಡತನದ ಕಥೆಯಾಗಿ ಹೇಳುತ್ತಾರೆ. ಅದು ನಿಜವೂ ಹೌದು. ನಮಗೆ ಅದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಎಲ್ಲರೂ ನನ್ನ ಮಕ್ಕಳು ಎಂದ ಆ ಮುದುಕರಿಗೆ ಒಂದು ವಿಷಯ ಸ್ಪಷ್ಟವಾಗಿತ್ತು: ತನ್ನ ಮಗನ ಸುದ್ದಿ ತನಗೆ ಬಂದದ್ದು ಹೆಸರಿನ ಬಲದಿಂದ, ಉಳಿದ ತಂದೆಯರಿಗೆ ಆ ಬಲ ಇಲ್ಲ. ಅವರು ನಿರಾಕರಿಸಿದ್ದು ಸವಲತ್ತನ್ನು. ಸುದ್ದಿಯನ್ನು ಮಾತ್ರ ಯಾರೂ ನಿರಾಕರಿಸಲಾಗದು, ಅದು ಕಿವಿಗೆ ಬಿದ್ದಾಗಿರುತ್ತದೆ. ಮಗ ಬದುಕಿದ್ದಾನೆ ಎಂಬ ಆ ಒಂದು ಸಾಲಿಗೆ ಎಷ್ಟು ಬೆಲೆ ಎಂದು ತಿಳಿಯಬೇಕಾದರೆ, ಅದೇ ಜಿಲ್ಲೆಯಲ್ಲಿ ಆ ಸಾಲು ಬಾರದ ಮನೆಯನ್ನು ನೆನೆಯಬೇಕು.

ಕಾನೂನು ಏನು ಹೇಳುತ್ತದೆ, ಮನಸ್ಸು ಏನು ಹೇಳುತ್ತದೆ

ಕಾಣೆಯಾದವರ ಬಗ್ಗೆ ನಮ್ಮ ಕಾನೂನಿಗೊಂದು ಲೆಕ್ಕವಿದೆ. 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ ಪ್ರಕಾರ, ಸುದ್ದಿ ತಿಳಿಯಬೇಕಾದವರಿಗೇ ಏಳು ವರ್ಷ ಸುದ್ದಿ ಇಲ್ಲದಿದ್ದರೆ ಆ ವ್ಯಕ್ತಿ ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕಿತ್ತು. ಇಲ್ಲದಿದ್ದರೆ ಸತ್ತಂತೆ. ಆಸ್ತಿ, ವಿಮೆ, ವಾರಸುದಾರಿಕೆಯಂಥ ವ್ಯವಹಾರಕ್ಕೆ ಈ ಲೆಕ್ಕ ಬೇಕು. ಮನೆಯೊಳಗಿನ ಲೆಕ್ಕ ಬೇರೆ.

1971ರ ಯುದ್ಧದಲ್ಲಿ ಈ ಕಾಯುವಿಕೆಗೆ ಇನ್ನೂ ದೊಡ್ಡ ಪಟ್ಟಿ ಸಿಕ್ಕಿತು. ಪಾಕಿಸ್ತಾನದ ಜೈಲುಗಳಲ್ಲಿ ಇದ್ದಾರೆಂದು ಮನೆಯವರು ನಂಬಿದ, ಹಿಂದಿರುಗದ 54 ಸೈನಿಕರನ್ನು ‘ಕಾಣೆಯಾದ 54’ ಎಂದೇ ಕರೆಯುತ್ತಾರೆ. ಅವರಲ್ಲಿ ಹಲವರು ಪೈಲಟ್‌ಗಳು. ಒಬ್ಬರು ಫ್ಲೈಟ್ ಲೆಫ್ಟಿನೆಂಟ್ ವಿಜಯ್ ವಸಂತ್ ತಾಂಬೆ. ಅವರ ಪತ್ನಿ ದಮಯಂತಿ ತಾಂಬೆ ರಾಷ್ಟ್ರಮಟ್ಟದ ಬ್ಯಾಡ್ಮಿಂಟನ್ ಚಾಂಪಿಯನ್. ಸೆರೆಸಿಕ್ಕ ಭಾರತೀಯ ಪೈಲಟ್‌ಗಳ ಬಗ್ಗೆ ಪಾಕಿಸ್ತಾನದ ಪತ್ರಿಕೆಯೊಂದು ಆಗ ಪ್ರಕಟಿಸಿದ ವರದಿಯಲ್ಲಿ ತಾಂಬೆ ಎಂಬ ಹೆಸರೂ ಇತ್ತು. ಆ ಒಂದು ಪತ್ರಿಕಾ ತುಣುಕನ್ನು ಹಿಡಿದು ಅವರು ದಶಕಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದರು. 2007ರಲ್ಲಿ ಬಂಧುಗಳ ತಂಡವೊಂದು ಪಾಕಿಸ್ತಾನದ ಜೈಲುಗಳಿಗೆ ಹೋಗಿ ನೋಡಿ ಬಂತು. ಯಾರೂ ಸಿಗಲಿಲ್ಲ.

ವರದಿ ಬರೆಯುವ ಕೆಲಸದವರಾಗಿ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಫ್ರಿಕರ್ ಪುಸ್ತಕದ ಕೆಲವು ಸಾಲು ಒಂದು ಮನೆಗೆ 14 ವರ್ಷದ ಪ್ರಶ್ನೆಗೆ ಉತ್ತರ ಕೊಟ್ಟಿತು. ಇನ್ನೊಂದು ಪತ್ರಿಕೆಯ ಒಂದು ಹೆಸರು ಇನ್ನೊಂದು ಮನೆಯನ್ನು ಜೀವಮಾನವಿಡೀ ಕಾಯುವಂತೆ ಮಾಡಿತು. ಹೆಸರನ್ನು ಪೂರ್ತಿ, ಸರಿಯಾಗಿ, ಊರಿನ ಸಮೇತ ಬರೆಯಿರಿ ಎಂದು ತರಗತಿಯಲ್ಲಿ ಹೇಳಿಕೊಡುವ ಸಾಧಾರಣ ಪಾಠಕ್ಕೆ ಇದಕ್ಕಿಂತ ದೊಡ್ಡ ಕಾರಣ ನಮಗೆ ಸಿಕ್ಕಿಲ್ಲ.

ಈಗ ಉಳಿದಿರುವುದು

ಮಡಿಕೇರಿಯಲ್ಲಿ ಇಂದು ದೇವಯ್ಯನವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. ಬಸ್ಸು ಹಿಡಿಯಲು ಓಡುವವರು ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. 2025ರ ಜನವರಿಯಲ್ಲಿ ಸರ್ಗೋಧಾ ದಾಳಿಯನ್ನು ಆಧರಿಸಿದ ಹಿಂದಿ ಚಿತ್ರ ‘ಸ್ಕೈ ಫೋರ್ಸ್’ ಬಂತು. ಚಿತ್ರದಲ್ಲಿ ಪಾತ್ರದ ಹೆಸರು ಬೇರೆ. ಚಿತ್ರ ನೋಡಿ ಬಂದ ಎಷ್ಟೋ ಮಂದಿಗೆ ಅದರ ಹಿಂದಿನ ನಿಜವಾದ ಮನುಷ್ಯ ಕೊಡಗಿನವರು, ಅಜ್ಜಮಾಡ ಮನೆತನದವರು ಎಂಬುದು ತಿಳಿಯಲಿಲ್ಲ. 23 ವರ್ಷ ಹುಡುಕಿ ಸಿಕ್ಕಿದ ಹೆಸರು ತೆರೆಯ ಮೇಲೆ ಮತ್ತೆ ಕಾಣೆಯಾಯಿತಲ್ಲ ಎಂದು ಕೊಡಗಿನವರಿಗೆ ಬೇಸರವಾದರೆ ಅದರಲ್ಲಿ ತಪ್ಪೇನಿಲ್ಲ.

ಇದನ್ನೆಲ್ಲ ಓದುತ್ತಾ ಹೋದಾಗ ನಮಗೆ ಹೊಳೆದದ್ದು ಇಷ್ಟು. ಈ ಕಥೆ ಉಳಿದದ್ದು ತನೇಜಾ ಅವರಂಥ ಜೊತೆಗಾರರು ಮರೆಯದೆ ಇದ್ದದ್ದರಿಂದ. ಪಿ.ವಿ.ಎಸ್. ಜಗನ್‌ಮೋಹನ್ ಮತ್ತು ಸಮೀರ್ ಚೋಪ್ರಾ ಅವರಂಥವರು ಎರಡೂ ಕಡೆಯ ದಾಖಲೆ ಇಟ್ಟುಕೊಂಡು 1965ರ ವಾಯುಯುದ್ಧದ ಇತಿಹಾಸ ಬರೆದದ್ದರಿಂದ. ದೊಡ್ಡ ಮನೆತನ, ದೊಡ್ಡ ಪದವಿ ಇದ್ದ ಕಡೆ ದಾಖಲೆ ತಾನಾಗಿಯೇ ಉಳಿಯುತ್ತದೆ. ಉಳಿದ ಕಡೆ ಯಾರಾದರೂ ಕೂತು ಬರೆದಿಡಬೇಕು.

1965ರಲ್ಲಿ ಇಪ್ಪತ್ತು ವರ್ಷದವರಾಗಿದ್ದ ಸೈನಿಕರು ಈಗ ಎಂಬತ್ತು ದಾಟಿದ್ದಾರೆ. ಪೈಲಟ್‌ಗಳಷ್ಟೇ ಅಲ್ಲ, ವಿಮಾನಕ್ಕೆ ಇಂಧನ ತುಂಬಿದವರು, ಗುಂಡು ಜೋಡಿಸಿದವರು, ರೇಡಾರ್ ಮುಂದೆ ಕೂತವರು, ಅಡುಗೆ ಮಾಡಿದವರು ನಮ್ಮ ಊರುಗಳಲ್ಲಿ ಇದ್ದಾರೆ. ಅವರ ಮನೆಯ ಕಪ್ಪು ಟ್ರಂಕಿನಲ್ಲಿ ಲಾಗ್‌ಬುಕ್, ಸೇವಾ ಪುಸ್ತಕ, ನೀಲಿ ಶಾಯಿಯ ಕಾಗದ, ತಂತಿಯ ಹಳದಿ ಹಾಳೆ ಇರಬಹುದು. ಮನೆಗೆ ಸುಣ್ಣ ಹೊಡೆಯುವಾಗ ರದ್ದಿಗೆ ಹೋಗುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಫೋಟೊ ತೆಗೆದಿಡಿ. ಯಾವ ವರ್ಷ, ಯಾವ ಊರು, ಜೊತೆಗಿದ್ದವರು ಯಾರು ಎಂದು ಅಜ್ಜನನ್ನು ಕೇಳಿ ಬರೆದುಕೊಳ್ಳಿ. ಆ ದಿನಗಳಲ್ಲಿ ಮನೆಯಲ್ಲಿ ಏನಾಗುತ್ತಿತ್ತು ಎಂದು ಅಜ್ಜಿಯನ್ನೂ ಕೇಳಿ. ನಮಗೆ ಕಳಿಸಿದರೆ ಹೆಸರು, ಊರಿನ ಸಮೇತ, ಮನೆಯವರ ಒಪ್ಪಿಗೆ ಪಡೆದು ಇಲ್ಲಿ ಪ್ರಕಟಿಸುತ್ತೇವೆ.